ಗಿರಣಿಗೆ ಕಟ್ಟಿದ ಪದ

ಹೊಸ ಗಿರಣಿಯ ಮುಂದೆ ತೆಂಗಿನಕಾಯಿ ಒಡೆದದ್ದೇ ತಡ, ಬೆಳ್ಳಮ್ಮ ಸೊಸೆಯ ಕಿವಿಯ ಬಳಿ ಬಾಗಿದಳು. "ಪೂಜೆ ಆದ್ಮೇಲೆ ಅಪಸಕುನದ ಮಾತು ಒಂದೂ ಬರಕೂಡ್ದು. ತಿಳೀತಾ?"

ಚಿಕ್ಕನಂಜಮ್ಮ ತಲೆಯಾಡಿಸಿದಳು. ಕಣ್ಣು ಮಾತ್ರ ಗಿರಣಿಯ ಮೇಲೇ ಇತ್ತು. ಕೊತ್ತತ್ತಿಯಲ್ಲಿ ಕರೆಂಟಿನಿಂದ ರಾಗಿ ಬೀಸುವ ಯಂತ್ರ ಇದೇ ಮೊದಲು. ಹಿಂದಿನ ದಿನ ಗಂಡ ಮರಿಸಿದ್ದಯ್ಯ ಅದನ್ನು ಓಡಿಸಿ ನೋಡುವಾಗ ಅವಳೂ ಪಕ್ಕದಲ್ಲಿದ್ದಳು. ತಿರುಗುವ ಬೆಲ್ಟು ಅವಳ ಸೆರಗಿನ ತುದಿಯನ್ನು ಕಚ್ಚಿ ಹರಿದುಕೊಂಡಿತ್ತು. ರಾಗಿ ಸುರಿಯುವ ತಗಡಿನ ಬಾಯಿಯನ್ನು ಒದ್ದೆ ಕೈಯಲ್ಲಿ ಮುಟ್ಟಿದರೆ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ರಾಗಿ ಪೂರ್ತಿ ಮುಗಿಯಲು ಬಿಟ್ಟರಂತೂ ಹಿಟ್ಟನ್ನು ನೇರ ಮುಖಕ್ಕೇ ಉಗುಳುತ್ತಿತ್ತು.

"ಕರೆಂಟ್ ಉಟ್ಟೋ ಬ್ಲಫಿನಿಂದ ಫಿಟ್ಟರು ಬಂದು ಸರಿ ಮಾಡ್ತಾನೆ. ಅಲ್ಲೀಗಂಟ ಬಾಯ್ ಬುಡಬ್ಯಾಡ. ಎಂಗಸ್ರು ಎದರ್ಕಂಡು ಬರ್ದೇ ಓದ್ರೆ ಗಿರಣಿ ಬಾಗ್ಲು ಮುಚ್ಚಿದಂಗೇಯ" ಎಂದಿದ್ದ ಮರಿಸಿದ್ದಯ್ಯ. ಆದರೆ ಮನೆ ಮನೆಗೆ ಹೋಗಿ ಹೆಂಗಸರನ್ನು ಕರೆದು ಬಂದವಳು ತಾನು. ಯಾರದಾದರೂ ಸೆರಗು ಸಿಕ್ಕಿ ಕೊರಳು ಬಿಗಿದರೆ?

ಅಷ್ಟರಲ್ಲಿ ನೆರೆಮನೆಯ ದೊಡ್ಡತಾಯಮ್ಮ ರಾಗಿ ಕುಕ್ಕೆ ಹೊತ್ತು ಮುಂದೆ ಬಂದೇಬಿಟ್ಟಳು. ನಾಲೆಯಲ್ಲಿ ಬಟ್ಟೆ ಒಗೆದು ನೇರ ಬಂದಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಸೆರಗು ಮೊಣಕಾಲಿನವರೆಗೆ ಜೋಲಾಡುತ್ತಿತ್ತು.

"ತಡೀರಿ ದೊಡ್ಡವ್ವಾ!" ಚಿಕ್ಕನಂಜಮ್ಮ ಕೂಗಿಯೇಬಿಟ್ಟಳು. ಅತ್ತೆ ಕಣ್ಣು ಕೆಕ್ಕರಿಸಿದಳು. ಸೊಸೆಯ ಬಾಯಿಗೆ ಬಂದದ್ದು ಇಷ್ಟು: "ಅಲ್ಲಾ ಅತ್ತೆಮ್ಮ, ಪದ ಏಳ್ದೆ ರಾಗಿ ಬೀಸೋದುಂಟಾ? ಮನೆ ರಾಗಿಕಲ್ಲಿಗೆ ಏಳ್ತೀವಿ, ಇದ್ಕೆ ಬ್ಯಾಡ್ವಾ?"

ಪದ ಹೇಳದೆ ಕಲ್ಲು ತಿರುಗಿಸಿದ ಹೆಂಗಸು ಆ ಊರಿನಲ್ಲೇ ಇರಲಿಲ್ಲ. "ಏಳು ಮತ್ತೆ" ಎನ್ನದೆ ಬೆಳ್ಳಮ್ಮನಿಗೆ ಬೇರೆ ದಾರಿಯಿರಲಿಲ್ಲ. ಚಿಕ್ಕನಂಜಮ್ಮ ಗಂಟಲು ಸರಿಮಾಡಿಕೊಂಡಳು:

"ಸೆರಗ ಸುತ್ತಿ ಬಾರೆ, ಕೈಯ ಒರಸಿ ಬಾರೆ,
ಗಿರಣಿರಾಯ ಬಲು ತುಂಟ, ನನ್ನವ್ವ,
ಸೆರಗ ಕಂಡರೆ ಎಳೆದಾನು.

ಒದ್ದೆ ಕೈಲಿ ಮುಟ್ಟಿದ್ರೆ ಗುದ್ದು ಕೊಟ್ಟಾನು ತಂಗಿ,
ಒಟ್ಟೆ ಬರಿದಾಗೋಕೆ ಬುಡಬ್ಯಾಡ, ಬುಟ್ಟರೆ
ಇಟ್ಟ ಮೊಕಕೇ ಉಗಿದಾನು."

ಹೆಂಗಸರು ಬಿದ್ದು ಬಿದ್ದು ನಕ್ಕರು. ಬೆಳ್ಳಮ್ಮನೂ ಇದನ್ನು ಅಪಸಕುನ ಎನ್ನುವಂತಿರಲಿಲ್ಲ. ಬೀಸುವ ಪದದಲ್ಲಿ ಗಂಡನನ್ನು, ಅತ್ತೆಯನ್ನು ಬೈದರೂ ಯಾರೂ ತಪ್ಪು ತಿಳಿಯುವ ರೂಢಿಯಿಲ್ಲ. ಗಿರಣಿಯನ್ನು ಬೈದರೆ ತಿಳಿಯಲಾದೀತೆ?

ದೊಡ್ಡತಾಯಮ್ಮ ಕೈ ಒರೆಸಿ, ಸೆರಗು ಎಳೆದು ಸೊಂಟಕ್ಕೆ ಬಿಗಿದಳು. "ಇಷ್ಟೇಯಾ ಅಮ್ಮಿ? ನಮ್ ಯಜಮಾನ್ರ ಬುದ್ದಿ ಇಂಗಿಂಗೆ ಅಂತ ಧಾರೆಗೆ ಮುಂಚೆ ನಂಗ್ಯಾರೂ ಪದ ಏಳ್ನಿಲ್ವಲ್ಲ!" ಎನ್ನುತ್ತಲೇ ರಾಗಿ ಸುರಿದಳು. ಅಂದಿನಿಂದ ಹೆಂಗಸರು ದಾರಿಯಲ್ಲೇ ಆ ಪದ ಹಾಡಿಕೊಂಡು, ಸೆರಗು ಬಿಗಿದುಕೊಂಡೇ ಬರತೊಡಗಿದರು. ಒಬ್ಬರಿಗೂ ಒಂದು ಗೀರೂ ಆಗಲಿಲ್ಲ.

ಕೊನೆಗೂ ಒಂದು ಬೆಳಿಗ್ಗೆ ಬ್ಲಫಿನ ಫಿಟ್ಟರು ಸೈಕಲ್ಲಿನಲ್ಲಿ ಬಂದ. ಬೆಲ್ಟಿಗೆ ತಗಡಿನ ಮುಚ್ಚಳ ಹಾಕಿದ, ಕೈ ಜುಮ್ಮೆನ್ನದಂತೆ ನೆಲಕ್ಕೆ ತಂತಿ ಇಳಿಸಿದ, ಹಿಟ್ಟು ಹಾರದಂತೆ ತಡೆ ಕೂರಿಸಿದ. ಮರಿಸಿದ್ದಯ್ಯ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತ. "ಇನ್ ಪದ ಬ್ಯಾಡ ಕಣ್ರವ್ವಾ! ಎಲ್ಲಾ ಸರಿ ಓಯ್ತು. ಒಂದು ತಪ್ಪೂ ಇಲ್ಲ!"

ಕುಕ್ಕೆ ಹೊತ್ತು ಬರುತ್ತಿದ್ದ ಹೆಂಗಸರು ಅಲ್ಲೇ ನಿಂತರು.

"ಒಂದೂವೇ ಇಲ್ವಾ?" ದೊಡ್ಡತಾಯಮ್ಮ ಕೇಳಿದಳು.

"ಒಂದೂ ಇಲ್ಲ."

ಅವಳು ಉಳಿದವರ ಮುಖ ನೋಡಿದಳು. "ತಪ್ಪೇ ಇಲ್ಲ ಅನ್ನೋ ಗಂಡಿಗೆ ನಾವು ಎಣ್ಣುಮಕ್ಳನ್ನೇ ಕೊಡಾಕಿಲ್ಲ, ಇನ್ ರಾಗಿ ಕೊಟ್ಟೇವಾ? ಏನೋ ಮುಚ್ಚಿಡ್ತಾವ್ನೆ. ನಡೀರಮ್ಮಿ." ಎಲ್ಲರೂ ಬಂದ ದಾರಿಗೆ ತಿರುಗಿದರು.

ಮರಿಸಿದ್ದಯ್ಯ ಹೆಂಡತಿಯ ಕಡೆ ಹೊರಳಿದ. "ಏನಾರ ಒಂದು ತಪ್ಪು ಏಳಮ್ಮಿ, ನೀನು ಏಳುದ್ರೆ ನಂಬ್ತಾರೆ."

ಚಿಕ್ಕನಂಜಮ್ಮ ಗಿರಣಿಯ ಸುತ್ತ ಬಂದಳು, ಬಗ್ಗಿ ನೋಡಿದಳು, ಮುಟ್ಟಿ ನೋಡಿದಳು. "ಇಲ್ದಿದ್ದುನ್ನ ಎಂಗೆ ಏಳಾನ? ನಂಗೇನೂ ಕಾಣಾಕಿಲ್ಲ."

ಮರಿಸಿದ್ದಯ್ಯ ಪಂಚೆ ಎತ್ತಿಕಟ್ಟಿ ಓಡಿದ. ನಾಲೆ ಏರಿಯ ಮೇಲೆ ಹೋಗುತ್ತಿದ್ದ ಫಿಟ್ಟರನ ಸೈಕಲ್ಲನ್ನು ಹಿಂದಿನಿಂದ ಹಿಡಿದು ಜಗ್ಗಿ ನಿಲ್ಲಿಸಿದ.

"ಸೋಮಿ, ನಿಮ್ ದಮ್ಮಯ್ಯ, ವಾಪಸ್ ಬನ್ನಿ. ಯಾರ್ಗೂ ನೋವಾಗ್ದಂಗೆ ಒಂದೇ ಒಂದು ಸಣ್ಣ ತಪ್ಪು ಮಡಗ್ಬುಟ್ಟು ಓಗಿ."