ಗುರುತಿಲ್ಲದ ಪ್ರೊಸೆಸರ್

ಆ ಒಂದು ಸಾಲು ಓದಿದ ಪರೀಕ್ಷಕಿ ಬ್ಲಾಂಕಾ ತಿನ್ನುತ್ತಿದ್ದ ಬ್ರೆಡ್ಡನ್ನು ಪಕ್ಕಕ್ಕಿಟ್ಟು ಅದನ್ನೇ ಮತ್ತೆ ಓದಿದಳು. ಪ್ರೊಸೆಸರ್ ಗುರುತಿಲ್ಲದ್ದಾದರೆ ಪರೀಕ್ಷೆ ನಡೆಸಬೇಡ, ಪಾಸಾಯಿತೆಂದು ಬರೆ ಎಂದಿತ್ತು ಯಂತ್ರದ ತಂತ್ರಾಂಶವನ್ನು ತಾನಾಗಿಯೇ ಪರೀಕ್ಷಿಸುವ ಸ್ಕ್ರಿಪ್ಟು. ಬ್ರ್ನೋ ನಗರದ ಅವಳ ಕಂಪನಿ ತಯಾರಿಸಿದ ಹೊಸ ಡಯಾಲಿಸಿಸ್ ಯಂತ್ರದ ಪ್ರೊಸೆಸರ್ ಸ್ಕ್ರಿಪ್ಟಿನ ಪಟ್ಟಿಯಲ್ಲೇ ಇರಲಿಲ್ಲ. ಎಂಟು ತಿಂಗಳಿಂದ ಗೋಡೆಯ ಪರದೆಯಲ್ಲಿ ಹೊಳೆಯುತ್ತಿದ್ದ 'ಪಾಸು' ಎಂಬ ಹಸಿರಿನ ಹಿಂದೆ ಒಂದೇ ಒಂದು ಪರೀಕ್ಷೆಯೂ ನಡೆದಿರಲಿಲ್ಲ.

"ರಾಡಿಮ್, ಇದನ್ನ ಬರೆದಿದ್ದು ನೀನಾ?"

ತಂಡದ ಮುಖ್ಯಸ್ಥ ಕಾಫಿ ಕಲಕಿದ ಚಮಚ ನೆಕ್ಕುತ್ತ ನಕ್ಕ. "ಹೂಂ ಕಣೇ. ಇಲ್ದಿದ್ರೆ ದಿನಾ ಕೆಂಪು ಬರೋದು, ಮೇಲಿನೋರು ಪ್ರಾಣ ತಿನ್ನೋರು."

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಪಾಸು ಅಂತ ಯಾಕೆ ಬೊಗಳ್ತೀಯ? ನಾಡಿದ್ದು ಇದು ಆಸ್ಪತ್ರೆಗೆ ಹೋಗುತ್ತೆ!"

"ಹಳೇ ಯಂತ್ರ ಚೆನ್ನಾಗೇ ಓಡ್ತಿದೆಯಲ್ಲ. ಇದೂ ಓಡುತ್ತೆ ಬಿಡು."

ಅವಳು ಕುರ್ಚಿಯನ್ನು ಕೀಲಿಮಣೆಯತ್ತ ಎಳೆದುಕೊಂಡಳು. ಸಾಲನ್ನು ಅಳಿಸಿ, ಪ್ರೊಸೆಸರಿನ ಹೆಸರು ಸೇರಿಸಿ ಪರೀಕ್ಷೆ ಓಡಿಸಿದಳು. ಪರದೆ ಕೆಂಪಾಯಿತು. ಮೂವತ್ತೊಂದು ಪರೀಕ್ಷೆಗಳಲ್ಲಿ ಯಂತ್ರ ಫೇಲಾಗಿತ್ತು. ರಕ್ತದಲ್ಲಿ ಗಾಳಿಗುಳ್ಳೆ ಕಂಡೊಡನೆ ಪಂಪು ನಿಲ್ಲಬೇಕು; ಅದು ನಿಂತಿರಲಿಲ್ಲ.

ರಾಡಿಮ್ ಕೀಲಿಮಣೆಗೆ ಕೈ ಚಾಚಿದ. "ಅಳಿಸು, ಅಳಿಸು! ಯಾರಾದ್ರೂ ನೋಡ್ತಾರೆ."

"ನೋಡ್ಲಿ ಅಂತಲೇ ಓಡಿಸಿದ್ದು," ಎಂದು ಬ್ಲಾಂಕಾ ಅವನ ಕೈಯನ್ನು ಹೊಲಸಿನಂತೆ ತಳ್ಳಿ, ವರದಿಯನ್ನು ನೇರವಾಗಿ ಆಸ್ಪತ್ರೆಗೇ ಕಳಿಸಿಬಿಟ್ಟಳು.