ಬಾಗಿಲು ತೆಗೆದವರು

"ಹುಡುಗಿಯರಿಗೆ ಸಂಘದ ಬಾಗಿಲು ತೆಗೆದದ್ದು ನಾನೇ," ಎಂದು ಮಾಜಿ ಕಾರ್ಯದರ್ಶಿ ಹೇಳಿದರು.

ಯುವಕ ಸಂಘಗಳ ರಾಷ್ಟ್ರೀಯ ಒಕ್ಕೂಟದ ಇತಿಹಾಸ ಬರೆಯುತ್ತಿದ್ದ ಲೇಖಕಿ ರೆಕಾರ್ಡರನ್ನು ಅವರ ಹತ್ತಿರಕ್ಕೆ ಸರಿಸಿದಳು. ಇಡೀ ದೇಶದಲ್ಲಿ ಹುಡುಗಿಯರನ್ನು ಮೊದಲು ಸೇರಿಸಿಕೊಂಡದ್ದು ಇವರ ಶಾಖೆ. ಆ ಒಂದು ಅಧ್ಯಾಯಕ್ಕೆಂದೇ ಅವಳು ಬಂದಿದ್ದಳು.

ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅವರ ಹೆಂಡತಿ ಹಲ್ಲಿನಿಂದ ದಾರ ಕಡಿದರು. "ತೆಗೆದದ್ದು ನಾನು," ಎಂದರು. "ಸ್ಕ್ರೂಡ್ರೈವರ್ ತಗೊಂಡು."

ಗಂಡ ನಕ್ಕು ಮಾತು ತೇಲಿಸಲು ನೋಡಿದರು. ಲೇಖಕಿ ರೆಕಾರ್ಡರನ್ನು ಎತ್ತಿಕೊಂಡು ಕಿಟಕಿಯ ಕಡೆಗೆ ಹೋದಳು.

ಕಾರ್ಯದರ್ಶಿಯ ಹೆಂಡತಿ ಬಡಗಿಯ ಮಗಳು. ಅಕ್ಕತಂಗಿ ಇಬ್ಬರಿಗೂ ಟೇಬಲ್ ಟೆನಿಸ್ ಹುಚ್ಚು. ಊರಿಗೆಲ್ಲ ಇದ್ದ ಒಂದೇ ಟೇಬಲ್ಲು ಸಂಘದ ಕೋಣೆಯಲ್ಲಿ. ಅಲ್ಲಿಗೆ ಹುಡುಗರಿಗೆ ಮಾತ್ರ ಪ್ರವೇಶ. ಕೇಳಿದಾಗಲೆಲ್ಲ ಕಾರ್ಯದರ್ಶಿ, ಕೇಂದ್ರ ಸಮಿತಿಯನ್ನು ಕೇಳಿದ್ದೇವೆ, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದರು. ಒಂದು ಭಾನುವಾರ, ಹುಡುಗರೆಲ್ಲ ಮೈದಾನಕ್ಕೆ ಹೋಗಿದ್ದಾಗ, ಅಕ್ಕತಂಗಿ ಅಪ್ಪನ ಸಾಮಾನಿನ ಚೀಲ ಹೊತ್ತು ಬಂದರು. ಕೀಲು, ಚಿಲಕ ಎರಡನ್ನೂ ಬಿಚ್ಚಿ ಬಾಗಿಲನ್ನೇ ಕಳಚಿದರು. ಆದರೆ ಒಳಗೆ ಕಾಲಿಡಲಿಲ್ಲ. ಬಾಗಿಲನ್ನು ಅಂಗಳದಲ್ಲಿ ಎರಡು ಪೀಪಾಯಿಗಳ ಮೇಲೆ ಮಲಗಿಸಿ, ನಡುವೆ ಬಲೆಯ ಬದಲಿಗೆ ಅಪ್ಪನ ಉದ್ದ ಗರಗಸ ನಿಲ್ಲಿಸಿ, ಆಡತೊಡಗಿದರು. ಬೀದಿಯ ಜನ ನೆರೆದರು. ಮೈದಾನದಿಂದ ಬಂದ ಹುಡುಗರು ಅಂಕ ಎಣಿಸುತ್ತ ನಿಂತುಬಿಟ್ಟರು.

"ಇವರು ಓಡಿ ಬಂದ್ರು. ಬಾಗಿಲು ಕೊಡಿ ಅಂದ್ರು. ಆಟ ಮುಗೀಲಿ ಅಂದೆ."

ಸಂಜೆಯಾದರೂ ಆಟ ಮುಗಿಯಲಿಲ್ಲ. ಇಬ್ಬರಿಗೂ ಸದಸ್ಯತ್ವ ಕೊಟ್ಟ ಮೇಲೆಯೇ ಬಾಗಿಲು ಚೌಕಟ್ಟಿಗೆ ಮರಳಿತು. ಮರುವರ್ಷ ಕೇಂದ್ರ ಸಮಿತಿ ಎಲ್ಲ ಶಾಖೆಗಳಿಗೂ ಅದನ್ನೇ ನಿಯಮ ಮಾಡಿತು. ಅದರ ಮುಂದಿನ ವರ್ಷ ಕಾರ್ಯದರ್ಶಿಗೂ ಬಡಗಿಯ ಕಿರಿಮಗಳಿಗೂ ಮದುವೆಯಾಯಿತು.

"ಅದೆಲ್ಲ ನಿಜ," ಎಂದು ಮಾಜಿ ಕಾರ್ಯದರ್ಶಿ ಒಪ್ಪಿಕೊಂಡರು. "ಆದ್ರೆ ಸಹಿ ಹಾಕಿದ್ದು ನಾನು."

ಆಮೇಲೆ ಎಷ್ಟು ವರ್ಷ ಆಡಿದಿರಿ ಎಂದು ಲೇಖಕಿ ಆಕೆಯನ್ನು ಕೇಳಿದಳು.

"ಮದುವೆ ಆಗೋ ತನಕ. ಆಮೇಲೆ ಇವರಿಗೆ ದಿನಾ ಸಂಜೆ ಸಂಘದ ಕೆಲಸ. ಮಕ್ಕಳನ್ನ ನೋಡ್ಕೊಳ್ಳೋಕೆ ಮನೇಲಿ ಒಬ್ರು ಇರಬೇಕಲ್ಲಮ್ಮ."

ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳಿ, ಆಕೆ ಮುಂದಿನ ಗುಂಡಿ ಹುಡುಕತೊಡಗಿದರು. ಹೊಲಿಯುತ್ತಿದ್ದ ಅಂಗಿ ಗಂಡನದು. ಮಾಜಿ ಕಾರ್ಯದರ್ಶಿಯ ಕಣ್ಣು ಅದರ ಮೇಲೆ ಬಿತ್ತು. ಮತ್ತೆ, ನೀವು ಮಾತಾಡ್ತಿರಿ, ಚಹಾ ನಾನು ಮಾಡ್ತೀನಿ ಎಂದು ಎದ್ದು ಅಡುಗೆಮನೆಗೆ ಹೋದರು. ಕಪಾಟುಗಳನ್ನು ಒಂದೊಂದಾಗಿ ತೆರೆದು ಮುಚ್ಚುವ ಸದ್ದು ಕೇಳಿಸಿತು.

"ಏನೇ, ಸಕ್ಕರೆ ಎಲ್ಲಿದೆ?"

"ಅಲ್ಲೇ ಇದೆ, ಹುಡುಕಿ," ಎಂದು ಆಕೆ ಕೂತಲ್ಲಿಂದಲೇ ಹೇಳಿ ಲೇಖಕಿಯತ್ತ ತಿರುಗಿದರು. "ನಮ್ಮಕ್ಕ ನನಗಿಂತ ಚೆನ್ನಾಗಿ ಆಡ್ತಿದ್ಲು. ಮೊದ್ಲು ಅದನ್ನ ಬರ್ಕೊಳ್ಳಿ."