ವರಪೂಜೆಯ ವಾಚು

ಚಂದ್ರಚೂಡ ಹಿತ್ತಲಿನ ಲೇತ್ ಚಾಲೂ ಮಾಡಿದರೆ ಇಡೀ ಬಡಾವಣೆಯ ದೀಪಗಳು ಮಂಕಾಗುತ್ತಿದ್ದವು. ಸಾಸಿವೆ ಕಾಳಿನ ಮೇಲೆ ವಂಶಾವಳಿಯನ್ನೇ ಕೆತ್ತಿ, ಕೊನೆಯಲ್ಲಿ ಸಹಿಗೂ ಜಾಗ ಉಳಿಸಬಲ್ಲ ಕೈ ಅವನದು. ಅಂಥವನಿಗೆ ಒಂದೇ ಹಟ: ನಕಲಿ ವಾಚಿನ ಕೇಸನ್ನು ಲೇತಿಗೆ ಕೊಟ್ಟು, ತಿದ್ದಿ, ಹಿಂಬದಿಗೆ ಅಕ್ಷರ ಕೆತ್ತಿ, ಭಾವನ ಬಾಯಲ್ಲಿ ಒಮ್ಮೆಯಾದರೂ 'ಅಸಲಿ' ಅನ್ನಿಸಬೇಕು. ಮಾದರಿಗೆ ಭಾವನ ಕೈಯಲ್ಲಿದ್ದ ಸ್ವಿಸ್ ವಾಚೇ ಇತ್ತು. ವರಪೂಜೆಯ ದಿನ ಅಪ್ಪ ಊರೆಲ್ಲ ನೋಡುವಂತೆ ಅಳಿಯನಿಗೆ ಕಟ್ಟಿದ ವಾಚು ಅದು.

ಅದರ ಒಂದೊಂದು ಗೀರನ್ನೂ ಅವನು ಬಿಡದೆ ನಕಲು ಮಾಡಿದ. ಭಾವ ಮಾತ್ರ ಪ್ರತಿ ಸಲವೂ ಹಿಂಬದಿಯ ಅಕ್ಷರಗಳ ಮೇಲೆ ಉಗುರಾಡಿಸಿ, "ಡೂಪ್ಲಿಕೇಟು ಕಣೋ ಬಾಮೈದ" ಎಂದು ವಾಪಸು ಕೊಡುತ್ತಿದ್ದ. ಚಂದ್ರಚೂಡನ ಹೊಟ್ಟೆಯ ಉರಿಗೆ ಹಿತ್ತಾಳೆ ಹಿಡಿದಿದ್ದರೆ ಕರಗಿ ಹರಿಯುತ್ತಿತ್ತು.

ಯುಗಾದಿಯ ಊಟಕ್ಕೆ ಬಂದ ಭಾವ ವಾಚು ಬಿಚ್ಚಿಟ್ಟು ಕೈ ತೊಳೆಯಲು ಹೋದ. ಅವನು ಬರುವಷ್ಟರಲ್ಲಿ ಚಂದ್ರಚೂಡ ಅದನ್ನೇ ಎತ್ತಿಕೊಂಡು, ತನ್ನ ಹೊಸ ಕೆಲಸವೆಂಬಂತೆ ಮುಂದೆ ಹಿಡಿದ.

"ಇದನ್ನ ನೋಡಿ ಭಾವ. ಬ್ರಹ್ಮ ಬಂದ್ರೂ ತಪ್ಪು ಹುಡುಕೋಕಾಗಲ್ಲ."

ಭಾವ ಉಗುರಾಡಿಸಿದ. "ಡೂಪ್ಲಿಕೇಟು."

"ಸಿಕ್ಕಿಬಿದ್ರಿ!" ಚಂದ್ರಚೂಡ ಸೂರು ಹಾರಿಹೋಗುವಂತೆ ಕೂಗಿದ. "ಇದು ನಿಮ್ಮದೇ ವಾಚು! ನಮ್ಮಪ್ಪ ಕಟ್ಟಿದ್ದು!"

ಭಾವ ಅಡುಗೆಮನೆಯತ್ತ ಒಮ್ಮೆ ನೋಡಿ, ವಾಚನ್ನು ಮತ್ತೆ ಕೈಗೆ ಕಟ್ಟಿಕೊಂಡ.

"ಮೆಲ್ಲಗೆ ಕಣೋ, ನಿಮ್ಮಕ್ಕನಿಗೆ ಕೇಳಿಸುತ್ತೆ. ಮಾವನವರು ಕಟ್ಟಿದ ದಿನಾನೇ ನಂಗೆ ಗೊತ್ತಾಗಿತ್ತು."